ಟೇಪಿನ ಬ್ಲಾಕ್ ಲೆಕ್ಕ ಏಕೆ ತಾಳೆಯಾಗುವುದಿಲ್ಲ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಯೂನಿಕ್ಸ್ ಮತ್ತು ಲಿನಕ್ಸ್ ಯಂತ್ರಗಳ ಟೇಪ್ ಬ್ಯಾಕಪ್ ಕುರಿತಾದವು. ಬದಿಯಡ್ಕದಿಂದ ಅಕ್ಕಲಕೋಟೆಯವರೆಗೆ ಊರುಗಳು ಬೇರೆ, ತೊಡಕು ಹೆಚ್ಚುಕಡಿಮೆ ಒಂದೇ: ಟೇಪಿನ ಮೇಲೆ ಬರೆದ ಬ್ಲಾಕಿನ (ಒಂದೇ ಸಲಕ್ಕೆ ಬರೆಯುವ ದತ್ತಾಂಶದ ತುಂಡಿನ) ಅಳತೆ ಒಂದು, ಓದುವ ಯಂತ್ರ ಕೇಳುವ ಅಳತೆ ಇನ್ನೊಂದು. ಹಾಗಾಗಿ ಈ ಸಂಚಿಕೆಯ ಅಂಕಣ ಪೂರ್ತಿ ಅದಕ್ಕೇ ಮೀಸಲು. ಕಮಾಂಡ್‌ಗಳನ್ನು ಕನ್ನಡ ಅಕ್ಷರಗಳಲ್ಲೇ ಅಚ್ಚು ಮಾಡಿದ್ದೇವೆ. ಟೈಪ್ ಮಾಡುವಾಗ ಅದೇ ಉಚ್ಚಾರದ ಇಂಗ್ಲಿಷ್ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದಲ್ಲಿ ಹಾಗೆಂದು ಹೇಳಿದ್ದೇವೆ. ಯೂನಿಕ್ಸಿಗೆ ಎರಡೂ ಬೇರೆ ಬೇರೆ. ಪದೇ ಪದೇ ಬರುವ ಹೆಸರುಗಳು: ಫೈಲುಗಳನ್ನು ಒಂದೇ ಕಟ್ಟಾಗಿ ಕಟ್ಟುವ, ಬಿಚ್ಚುವ ಕಮಾಂಡ್ ‘ಟಾರ್’; ಟೇಪ್ ಡ್ರೈವನ್ನು ನಿಯಂತ್ರಿಸುವುದು ‘ಎಂಟಿ’; ದತ್ತಾಂಶವನ್ನು ಇದ್ದಂತೆ ನಕಲಿಸುವುದು ‘ಡಿಡಿ’; ‘/ಡೆವ್/ಎನ್‌ಎಸ್‌ಟಿ0’ ಎಂದರೆ ಲಿನಕ್ಸ್ ಟೇಪ್ ಡ್ರೈವಿಗೆ ಕೊಟ್ಟ ಹೆಸರು.

ಪ್ರಶ್ನೆ: ನಮ್ಮ ಅಡಿಕೆ ವ್ಯಾಪಾರದ ಹಳೆಯ ಲೆಕ್ಕಪತ್ರವೆಲ್ಲ ಎಲ್‌ಟಿಒ-4 (ಎಲ್‌ಟಿಒ ಎಂಬ ಬ್ಯಾಕಪ್ ಟೇಪಿನ ನಾಲ್ಕನೇ ಪೀಳಿಗೆ) ಟೇಪುಗಳಲ್ಲಿದೆ. ಬರೆದ ಲಿನಕ್ಸ್ ಸರ್ವರ್ ಕೆಟ್ಟುಹೋಯಿತು. ಡ್ರೈವ್ ಅದೇ, ಸರ್ವರ್ ಹೊಸದು. ‘ಟಾರ್ -ಟಿವಿಎಫ್ /ಡೆವ್/ಎನ್‌ಎಸ್‌ಟಿ0’ ಎಂದು ಕೊಟ್ಟರೆ ‘ಕೆನಾಟ್ ಅಲೊಕೇಟ್ ಮೆಮೊರಿ’ ಎಂದು ಹೇಳಿ ನಿಲ್ಲುತ್ತದೆ. ಸರ್ವರಿನಲ್ಲಿ 32 ಜಿಬಿ ರ‍್ಯಾಮ್ ಇದೆ. ಇನ್ನೂ ಹಾಕಿಸಬೇಕೇ? ಅಥವಾ ಟೇಪೇ ಹಾಳಾಗಿದೆಯೇ?
– ಓದುಗರು, ಬದಿಯಡ್ಕ

ಉತ್ತರ: ರ‍್ಯಾಮಿಗೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ಟೇಪ್ ಹಾಳಾದ ಲಕ್ಷಣವೂ ಇದಲ್ಲ. ಟೇಪ್ ಡ್ರೈವರ್ ಈ ಸಂದೇಶವನ್ನು ಬೇರೆಯೇ ಅರ್ಥದಲ್ಲಿ ಬಳಸುತ್ತದೆ: ‘ಟೇಪಿನ ಒಂದು ಬ್ಲಾಕ್ ನೀವು ಒಡ್ಡಿದ ಪಾತ್ರೆಯಲ್ಲಿ ಹಿಡಿಸುವುದಿಲ್ಲ’ ಎಂದು.

ಡಿಸ್ಕಿನಲ್ಲಿ ಫೈಲನ್ನು ಹೇಗೆ ತುಂಡು ಮಾಡಿ ಓದಿದರೂ ನಡೆಯುತ್ತದೆ. ಟೇಪಿನಲ್ಲಿ ನಡೆಯುವುದಿಲ್ಲ. ವೇರಿಯಬಲ್ ಬ್ಲಾಕ್ ಮೋಡಿನಲ್ಲಿ (ಬ್ಲಾಕಿನ ಅಳತೆ ಬದಲಾಗಬಹುದಾದ ಕ್ರಮ) ಪ್ರೋಗ್ರಾಮ್ ಒಂದು ಸಲ ಬರೆದದ್ದು ಟೇಪಿನ ಮೇಲೆ ಒಂದು ಬ್ಲಾಕ್ ಆಗಿ ಕೂರುತ್ತದೆ. ಒಂದು ಸಲ ಓದಿದರೆ ಬರುವುದೂ ಒಂದೇ ಬ್ಲಾಕ್. ಅರ್ಧ ಬ್ಲಾಕ್ ಈಗ, ಉಳಿದರ್ಧ ಆಮೇಲೆ ಎಂಬುದಿಲ್ಲ. ಕೊಡದ ನೀರನ್ನು ಒಂದೇ ಸಲಕ್ಕೆ ಬಗ್ಗಿಸುವಾಗ ಕೆಳಗಿಟ್ಟ ಪಾತ್ರೆ ಕೊಡಕ್ಕಿಂತ ದೊಡ್ಡದಾದರೆ ತೊಂದರೆಯಿಲ್ಲ, ಚೊಂಬಾದರೆ ಚೆಲ್ಲುತ್ತದೆ. ಗ್ನೂ ಟಾರ್ (ಲಿನಕ್ಸಿನಲ್ಲಿರುವ ಟಾರ್) ತಾನಾಗಿ ಒಡ್ಡುವ ಚೊಂಬು 10,240 ಬೈಟ್, ಅಂದರೆ 512 ಬೈಟಿನ 20 ತುಂಡು. ನಿಮ್ಮ ಹಳೆಯ ಸರ್ವರಿನ ಬ್ಯಾಕಪ್ ಸ್ಕ್ರಿಪ್ಟ್ ಅದಕ್ಕಿಂತ ದೊಡ್ಡ ಬ್ಲಾಕಿನಲ್ಲಿ ಬರೆದಿದೆ. ಎಷ್ಟು ದೊಡ್ಡದು ಎಂದು ಊಹಿಸಬೇಕಿಲ್ಲ, ಟೇಪನ್ನೇ ಕೇಳಬಹುದು.

ಎಲ್ಲಕ್ಕಿಂತ ಮೊದಲು ಕಾರ್ಟ್ರಿಡ್ಜಿನ ಅಂಚಿನಲ್ಲಿರುವ ರೈಟ್-ಪ್ರೊಟೆಕ್ಟ್ ಗುಂಡಿಯನ್ನು ಬೀಗದ ಚಿಹ್ನೆಯ ಕಡೆಗೆ ಸರಿಸಿ. ಇದನ್ನು ಬಿಟ್ಟು ಒಂದು ಹೆಜ್ಜೆಯೂ ಮುಂದೆ ಹೋಗಬೇಡಿ. ಓದುವ ಅವಸರದಲ್ಲಿ ಟಾರ್‌ಗೆ ‘ಟಿ’ (ಪಟ್ಟಿ ತೋರಿಸು) ಬದಲು ‘ಸಿ’ (ಹೊಸದಾಗಿ ಬರೆ) ಒತ್ತಿದರೆ ಲೆಕ್ಕಪತ್ರ ಅಲ್ಲಿಗೆ ಮುಗಿಯಿತು. ಅನಂತರ ಕರ್ನಲ್ ಲಾಗ್ ನೋಡಿ (‘ಡಿಮೆಸ್ಗ್’ ಎಂಬ ಕಮಾಂಡ್). ‘ಫೇಲ್ಡ್ ಟು ರೀಡ್ 262144 ಬೈಟ್ ಬ್ಲಾಕ್ ವಿತ್ 10240 ಬೈಟ್ ಟ್ರಾನ್ಸ್‌ಫರ್’ ಎಂಬಂಥ ಸಾಲು ಅಲ್ಲಿದ್ದರೆ ಅರ್ಧ ಕೆಲಸ ಆಯಿತು: ಮೊದಲ ಅಂಕಿ ಟೇಪಿನದು, ಎರಡನೆಯದು ನಿಮ್ಮ ಟಾರ್‌ನದು.

ಸಾಲು ಕಾಣದಿದ್ದರೆ ಅಳೆಯುವುದು ಹೀಗೆ. ‘ಎಂಟಿ -ಎಫ್ /ಡೆವ್/ಎನ್‌ಎಸ್‌ಟಿ0 ರಿವೈಂಡ್’ ಕೊಟ್ಟು ಟೇಪನ್ನು ಮೊದಲಿಗೆ ತನ್ನಿ. ‘ಎಂಟಿ -ಎಫ್ /ಡೆವ್/ಎನ್‌ಎಸ್‌ಟಿ0 ಸೆಟ್‌ಬಿಎಲ್‌ಕೆ 0’ ಕೊಟ್ಟು ಡ್ರೈವನ್ನು ವೇರಿಯಬಲ್ ಮೋಡಿಗೆ ಹಾಕಿ. ಸೊನ್ನೆ ಎಂದರೆ ‘ಅಳತೆ ಟೇಪಿನ ಇಷ್ಟ’ ಎಂದರ್ಥ. ಬಳಿಕ ‘ಡಿಡಿ ಐಎಫ್=/ಡೆವ್/ಎನ್‌ಎಸ್‌ಟಿ0 ಒಎಫ್=/ಟಿಎಂಪಿ/ಒಂದು ಬಿಎಸ್=1ಎಂ ಕೌಂಟ್=1’ (ಇಲ್ಲಿ ‘ಎಂ’ ದೊಡ್ಡಕ್ಷರ; ಫೈಲಿಗೆ ‘ಒಂದು’ ಬದಲು ಇಷ್ಟವಾದ ಹೆಸರು ಕೊಡಿ). ಒಂದು ಎಂಬಿಯ ಪಾತ್ರೆ ಒಡ್ಡಿ ಒಂದೇ ಒಂದು ಬ್ಲಾಕ್ ತೆಗೆದುಕೊಂಡದ್ದಾಯಿತು. ಈಗ ‘ಎಲ್‌ಎಸ್ -ಎಲ್’ ಕೊಟ್ಟು ಆ ಫೈಲಿನ ಗಾತ್ರ ನೋಡಿ. ಅದೇ ಬ್ಲಾಕಿನ ಅಳತೆ. ಮತ್ತೆ ಅದೇ ಮೆಮೊರಿ ಸಂದೇಶ ಬಂದರೆ ರಿವೈಂಡ್ ಮಾಡಿ 2ಎಂ, ಆಮೇಲೆ 4ಎಂ ಕೊಟ್ಟು ನೋಡಿ.

262144 ಬಂತೆನ್ನೋಣ. 512ರಿಂದ ಭಾಗಿಸಿದರೆ 512. ಟೇಪನ್ನು ಮತ್ತೆ ರಿವೈಂಡ್ ಮಾಡಿ ‘ಟಾರ್ -ಬಿ 512 -ಟಿವಿಎಫ್ /ಡೆವ್/ಎನ್‌ಎಸ್‌ಟಿ0’ ಕೊಡಿ, ಫೈಲುಗಳ ಪಟ್ಟಿ ಸರಾಗವಾಗಿ ಇಳಿಯುತ್ತದೆ. 65536 ಬಂದರೆ -ಬಿ 128. ಬರೇ 512 ಅಥವಾ 1024 ಬಂದರೆ ಬರೆಯುವಾಗ ಡ್ರೈವ್ ಫಿಕ್ಸೆಡ್ ಮೋಡಿನಲ್ಲಿತ್ತು (ಎಲ್ಲ ಬ್ಲಾಕಿಗೂ ಒಂದೇ ಅಳತೆ) ಎಂದು ತಿಳಿಯಬೇಕು. ಆಗ ‘ಸೆಟ್‌ಬಿಎಲ್‌ಕೆ’ಗೆ ಸೊನ್ನೆಯ ಬದಲು ಅದೇ ಅಂಕಿ ಕೊಟ್ಟು ಓದಿ. ಇದಕ್ಕೆ ತಿರುಗುಮುರುಗಾದ ತಪ್ಪೂ ಇದೆ: ದೊಡ್ಡ ಬ್ಲಾಕಿನ ಟೇಪನ್ನು 512ರ ಫಿಕ್ಸೆಡ್ ಮೋಡಿನಲ್ಲಿ ಓದಹೋದರೆ ಪರದೆಯ ಮೇಲೆ ‘ಇನ್‌ಪುಟ್/ಔಟ್‌ಪುಟ್ ಎರರ್’, ಲಾಗಿನಲ್ಲಿ ‘ಇನ್‌ಕರೆಕ್ಟ್ ಬ್ಲಾಕ್ ಸೈಜ್’ ಎಂದು ಬರುತ್ತದೆ. ಅದನ್ನು ಕಂಡು ಟೇಪ್ ಸತ್ತಿತೆಂದು ಎಸೆದವರಿದ್ದಾರೆ. ಲಾಗ್ ಓದದೆ ಟೇಪ್ ಎಸೆಯಬೇಡಿ.

ಪ್ರತಿ ಸಲವೂ ‘ರಿವೈಂಡ್’ ಎಂದು ಒತ್ತಿ ಹೇಳಿದ್ದಕ್ಕೆ ಕಾರಣ ಇದೆ. ಮೆಮೊರಿ ಸಂದೇಶ ಬಂದಾಗ ನಿಮಗೆ ದತ್ತಾಂಶ ಸಿಗದಿದ್ದರೂ ಟೇಪ್ ಒಂದು ಬ್ಲಾಕ್ ಮುಂದೆ ಸರಿದಿರುತ್ತದೆ. ಅಲ್ಲಿಂದಲೇ ಸರಿಯಾದ -ಬಿ ಕೊಟ್ಟರೂ ಟಾರ್‌ಗೆ ಸಿಗುವುದು ಮಧ್ಯದ ತುಂಡು. ‘ಇದು ಟಾರ್ ಆರ್ಕೈವಿನಂತೆ ಕಾಣುವುದಿಲ್ಲ’ ಎನ್ನುತ್ತದೆ. ಸರಿದಾರಿಯಲ್ಲಿದ್ದವರೂ ಇಲ್ಲಿ ಹಿಂದೆ ಸರಿಯುತ್ತಾರೆ.

‘ಸೆಟ್‌ಬಿಎಲ್‌ಕೆ’ ಸೆಟ್ಟಿಂಗ್ ಸರ್ವರ್ ರೀಬೂಟ್ ಆದರೆ ಉಳಿಯುವುದಿಲ್ಲ, ಆದ್ದರಿಂದ ಸ್ಕ್ರಿಪ್ಟಿನ ಮೊದಲ ಸಾಲಾಗಿ ಅದನ್ನು ಹಾಕಿಡಿ. ಡ್ರೈವಿನ ಒಳಗಿನ ಕಂಪ್ರೆಶನ್ ಆನ್ ಇದ್ದರೂ ಬ್ಲಾಕಿನ ಅಳತೆ ನಮಗೆ ಕಾಣುವಂತೆ ಬದಲಾಗದು, ಆ ಗೊಂದಲ ಬೇಡ. ನಾಳೆ ಡ್ರೈವ್ ಕೆಟ್ಟು ಬೇರೆ ಕೊಳ್ಳಬೇಕಾಗಿ ಬಂದರೆ, ಎಲ್‌ಟಿಒ-4 ಟೇಪನ್ನು ಎಲ್‌ಟಿಒ-4, 5, 6 ಡ್ರೈವುಗಳು ಓದುತ್ತವೆ, ಎಲ್‌ಟಿಒ-7 ಓದುವುದಿಲ್ಲ. ಅಂಗಡಿಯವರು ‘ಹೊಸದು ಹಳೆಯದನ್ನೆಲ್ಲ ಓದುತ್ತದೆ’ ಎಂದರೆ ನಂಬಬೇಡಿ. ಅಳೆದು ತಿಳಿದ ಮೇಲೆ ಪ್ರತಿ ಕಾರ್ಟ್ರಿಡ್ಜಿನ ಲೇಬಲ್ ಮೇಲೆ ಪೆನ್ನಿನಲ್ಲಿ ಬರೆದಿಡಿ: ಟಾರ್, -ಬಿ 512, ವೇರಿಯಬಲ್, ತಾರೀಕು. ಬರೇ ‘ಲೆಕ್ಕ, ಏಪ್ರಿಲ್’ ಎಂದಿದ್ದರೆ ಮುಂದೆ ಓದುವವರಿಗೆ ಏನೂ ತಿಳಿಯದು.

ಪ್ರಶ್ನೆ: ‘ಎಂಟಿ ಸ್ಟೇಟಸ್’ ನಮ್ಮ ಟೇಪಿನ ಬ್ಲಾಕ್ 512 ಎನ್ನುತ್ತದೆ. ಟಾರ್ ಕೈಪಿಡಿ 20 ಬ್ಲಾಕ್ ಎನ್ನುತ್ತದೆ. ಸಿಪಿಐಒ (ಟಾರ್‌ನಂತೆ ಫೈಲು ಕಟ್ಟುವ ಇನ್ನೊಂದು ಕಮಾಂಡ್) ಕೊನೆಗೆ ತನ್ನದೇ ಬ್ಲಾಕ್ ಲೆಕ್ಕ ಹೇಳುತ್ತದೆ, ಡಿಸ್ಕಿನ ಜಾಗ ಎಣಿಸುವ ‘ಡಿಯು’ ಮತ್ತೊಂದು. ಒಂದಕ್ಕೊಂದು ತಾಳೆಯಿಲ್ಲ. ಯಾವುದು ನಿಜ?
– ಓದುಗರು, ಅಕ್ಕಲಕೋಟೆ, ಸೊಲ್ಲಾಪುರ ಜಿಲ್ಲೆ

ಉತ್ತರ: ನಾಲ್ಕೂ ನಿಜ. ಊರೂರಿಗೆ ಸೇರಿನ ಅಳತೆ ಬೇರೆ ಇದ್ದ ಹಾಗೆ, ‘ಬ್ಲಾಕ್’ ಎಂಬ ಒಂದೇ ಹೆಸರಿನಲ್ಲಿ ನಾಲ್ಕು ಅಳತೆಗಳಿವೆ. ನೀವೇ ಮಾಡಿ ನೋಡಬಹುದಾದ ಒಂದು ಪುಟ್ಟ ಪ್ರಯೋಗ: ‘ಕನ್ನಡ’ ಎಂಬ ಒಂದೇ ಪದ ಬರೆದು ಫೈಲ್ ಉಳಿಸಿ. ಯುಟಿಎಫ್-8ರಲ್ಲಿ (ಯೂನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಕ್ರಮ) ಕ, ನ, ಅರ್ಧಾಕ್ಷರದ ಚಿಹ್ನೆ, ನ, ಡ – ಐದು ಸಂಕೇತ, ಒಂದೊಂದಕ್ಕೆ 3 ಬೈಟ್, ಒಟ್ಟು 15. ಸಾಲಿನ ಕೊನೆಯ ಚಿಹ್ನೆ ಸೇರಿ 16. ‘ಎಲ್‌ಎಸ್ -ಎಲ್’ ಹೇಳುವುದು 16.

ಅದೇ ಫೈಲಿಗೆ ಲಿನಕ್ಸಿನ ‘ಡಿಯು’ ಹೇಳುವುದು 4. ಡಿಸ್ಕ್ 4096 ಬೈಟಿಗಿಂತ ಚಿಕ್ಕ ಜಾಗ ಕೊಡುವುದಿಲ್ಲ, ‘ಡಿಯು’ ಅದನ್ನು 1024ರ ಲೆಕ್ಕದಲ್ಲಿ ಎಣಿಸುತ್ತದೆ. ಸೋಲಾರಿಸ್, ಎಐಎಕ್ಸ್ (ಇವೂ ಯೂನಿಕ್ಸಿನ ಬಗೆಗಳೇ) ಯಂತ್ರಗಳ ‘ಡಿಯು’ 512ರಲ್ಲಿ ಎಣಿಸುವುದರಿಂದ ಅಷ್ಟೇ ಜಾಗಕ್ಕೆ 8 ಎನ್ನುತ್ತದೆ. ಸಿಪಿಐಒಗೆ ಕೊಟ್ಟರೆ ‘1 ಬ್ಲಾಕ್’: ತಲೆಬರಹ, ಹೆಸರು, 16 ಬೈಟ್, ಕೊನೆಯ ಗುರುತು ಎಲ್ಲ ಸೇರಿ 512ರೊಳಗೆ ಮುಗಿಯುತ್ತದೆ. ಟಾರ್‌ಗೆ ಕೊಟ್ಟರೆ 10,240 ಬೈಟ್! ಹೆಡರಿಗೆ 512, ದತ್ತಾಂಶಕ್ಕೆ 512, ಮುಕ್ತಾಯದ ಗುರುತಾಗಿ ಸೊನ್ನೆ ತುಂಬಿದ 512ರ ಎರಡು ತುಂಡು, ಒಟ್ಟು 2048. ಉಳಿದ 8192 ಬೈಟ್ ಬರೇ ಭರ್ತಿ, ಒಂದು ಪೂರ್ಣ ರೆಕಾರ್ಡ್ ಆಗಲಿ ಎಂದು. ಟಾರ್ ಪರಿಭಾಷೆಯಲ್ಲಿ 512ರ ತುಂಡಿಗೆ ‘ಬ್ಲಾಕ್’ ಎಂದೂ 20 ತುಂಡುಗಳ ಕಟ್ಟಿಗೆ ‘ರೆಕಾರ್ಡ್’ ಎಂದೂ ಹೆಸರು. ಟೇಪಿನವರು ‘ಬ್ಲಾಕ್’ ಎನ್ನುವುದು ಟಾರ್‌ನ ಈ ರೆಕಾರ್ಡಿಗೆ. ಮುಕ್ಕಾಲು ಪಾಲು ಗಲಿಬಿಲಿ ಹುಟ್ಟುವುದೇ ಈ ಹೆಸರಿನ ಅದಲುಬದಲಿನಿಂದ.

ನಿಮ್ಮ ‘ಎಂಟಿ ಸ್ಟೇಟಸ್’ ಹೇಳುತ್ತಿರುವುದು ಡ್ರೈವಿನ ಈಗಿನ ಸೆಟ್ಟಿಂಗನ್ನು ಮಾತ್ರ. ಒಳಗಿರುವ ಟೇಪನ್ನು ಹಿಂದೆ ಯಾವ ಅಳತೆಯಲ್ಲಿ ಬರೆದರು ಎಂಬುದನ್ನು ಅದು ಹೇಳುವುದಿಲ್ಲ. ಸೆಟ್ಟಿಂಗ್ 512 ಇರುವಾಗ ಟಾರ್ 10,240 ಬೈಟ್ ಕೊಟ್ಟರೆ ಟೇಪಿನ ಮೇಲೆ ಅದು 512ರ 20 ಬ್ಲಾಕುಗಳಾಗಿ ಕೂರುತ್ತದೆ. ಟೇಪ್ ಈಗ ಎಷ್ಟನೇ ಸ್ಥಾನದಲ್ಲಿದೆ ಎಂದು ಹೇಳುವ ‘ಎಂಟಿ ಟೆಲ್’ ಕೊಟ್ಟು ಕಣ್ಣಾರೆ ನೋಡಬಹುದು. ಎಲ್‌ಟಿಒ ಡ್ರೈವಿನಲ್ಲಿ ಹೊಸ ಟೇಪಿನ ಮೊದಲಿಗೆ ಈ ‘ಕನ್ನಡ’ ಫೈಲನ್ನು ಫಿಕ್ಸೆಡ್ 512ರಲ್ಲಿ ಬರೆದರೆ ಸ್ಥಾನ 21, ವೇರಿಯಬಲಿನಲ್ಲಿ ಬರೆದರೆ 2. ಎರಡರಲ್ಲೂ ಹೆಚ್ಚಿನ ಒಂದು ಫೈಲ್ ಮಾರ್ಕಿನದು (ಒಂದು ಬರಹ ಮುಗಿದಲ್ಲಿ ಟೇಪಿನ ಮೇಲೆ ಬೀಳುವ ಗುರುತು).

ಪ್ರಶ್ನೆ: ‘ಟಾರ್ -ಸಿಜಡ್‌ಎಫ್ - /ಡೇಟಾ’ವನ್ನು ಪೈಪ್ ಮೂಲಕ ‘ಡಿಡಿ ಒಎಫ್=/ಡೆವ್/ಎನ್‌ಎಸ್‌ಟಿ0 ಬಿಎಸ್=256ಕೆ’ಗೆ ಕೊಡುತ್ತೇವೆ. ಮುಗಿದಾಗ ಡಿಡಿ ‘1204+38211 ರೆಕಾರ್ಡ್ಸ್ ಇನ್’ ಎಂದು ತೋರಿಸುತ್ತದೆ. ಪ್ಲಸ್ಸಿನ ಆಚೆಯ 38211 ಏನು? ಬ್ಯಾಕಪ್ ಕೆಟ್ಟಿದೆಯೇ?
– ಓದುಗರು, ಆದೋನಿ

ಉತ್ತರ: ಬ್ಯಾಕಪ್ ಕೆಟ್ಟಿಲ್ಲ, ಆದರೆ ಅಂದುಕೊಂಡ ಹಾಗೆ ಬರೆದೂ ಇಲ್ಲ. ಪ್ಲಸ್ಸಿನ ಎಡಕ್ಕಿರುವುದು ಪೂರ್ಣ 256 ಕೆಬಿ ಬ್ಲಾಕುಗಳು, ಬಲಕ್ಕಿರುವುದು ಅರೆಬರೆ ತುಂಬಿದವು. ಪೈಪ್ ಎನ್ನುವುದು ಒಂದು ಕಮಾಂಡಿನಿಂದ ಇನ್ನೊಂದಕ್ಕೆ ದತ್ತಾಂಶ ಹರಿಸುವ ಸಣ್ಣ ಕಾಲುವೆ. ಲಿನಕ್ಸಿನಲ್ಲಿ ಅದರಲ್ಲಿ ಸಾಮಾನ್ಯವಾಗಿ ಹಿಡಿಸುವುದೇ 64 ಕೆಬಿ. ಡಿಡಿ ಒಮ್ಮೆ ಕೈಹಾಕಿದಾಗ ಎಷ್ಟು ಸಿಕ್ಕಿತೋ ಅಷ್ಟನ್ನೇ ‘ಬಿಎಸ್’ ನಿಯಮದಂತೆ ಹಾಗೇ ಟೇಪಿಗೆ ಬರೆಯಿತು. ಹಾಗಾಗಿ ನಿಮ್ಮ ಟೇಪಿನಲ್ಲಿ ಬ್ಲಾಕುಗಳು ಒಂದು 64 ಕೆಬಿ, ಒಂದು 12 ಕೆಬಿ, ಒಂದು 256 ಕೆಬಿ ಎಂಬಂತೆ ಹೇಗೆಂದರೆ ಹಾಗಿವೆ.

ಇಂಥ ಟೇಪನ್ನು ನೇರ ಟಾರ್‌ನಿಂದ ಓದಬೇಡಿ. ‘ಡಿಡಿ ಐಎಫ್=/ಡೆವ್/ಎನ್‌ಎಸ್‌ಟಿ0 ಬಿಎಸ್=256ಕೆ’ಯನ್ನು ಪೈಪ್ ಮಾಡಿ ‘ಟಾರ್ -ಎಕ್ಸ್‌ಜಡ್‌ಎಫ್ -’ಗೆ ಕೊಡಿ. ಡಿಡಿ ದೊಡ್ಡ ಪಾತ್ರೆ ಒಡ್ಡಿ ಬಂದಷ್ಟನ್ನು ಮುಂದೆ ದಾಟಿಸುತ್ತದೆ, ಪೈಪಿನ ಆಚೆ ಬ್ಲಾಕಿನ ಗಡಿಗಳು ಅಳಿಸಿಹೋಗುತ್ತವೆ. ಜಿಜಿಪ್ (ದತ್ತಾಂಶ ಕುಗ್ಗಿಸುವ ಸಾಧನ, ನಿಮ್ಮ ಕಮಾಂಡಿನ ‘ಜಡ್’) ಇಲ್ಲದ ಟಾರ್ ಆಗಿದ್ದರೆ ದೊಡ್ಡಕ್ಷರದ -ಬಿ ಸೇರಿಸಿ (ಸಣ್ಣ -ಬಿ ಅಲ್ಲ). ತುಂಡುಗಳನ್ನು ಕೂಡಿಸಿ ಪೂರ್ಣ ರೆಕಾರ್ಡ್ ಆಗುವವರೆಗೆ ಕಾಯಲು ಅದು ಟಾರ್‌ಗೆ ಹೇಳುತ್ತದೆ. ಬೇರೆ ಊರಿನ ಯಂತ್ರದಿಂದ ಎಸ್‌ಎಸ್‌ಎಚ್ (ದೂರದ ಯಂತ್ರದ ಸುರಕ್ಷಿತ ಸಂಪರ್ಕ) ಮೂಲಕ ಟೇಪ್ ಓದುವಾಗಲೂ ಅದೇ ದೊಡ್ಡಕ್ಷರದ -ಬಿ ಬೇಕು.

ಇನ್ನು ಮುಂದೆ ಬರೆಯುವಾಗ ‘ಬಿಎಸ್=256ಕೆ’ ಬದಲು ‘ಒಬಿಎಸ್=256ಕೆ’ ಕೊಡಿ. ಆಗ ಡಿಡಿ ಬಂದದ್ದನ್ನು ಕೂಡಿಹಾಕಿ 256 ಕೆಬಿ ತುಂಬಿದ ಮೇಲೆಯೇ ಬರೆಯುತ್ತದೆ. ಕೊನೆಯ ಒಂದು ಬ್ಲಾಕ್ ಮಾತ್ರ ಚಿಕ್ಕದಿರಬಹುದು. ವೇರಿಯಬಲ್ ಮೋಡಿನಲ್ಲಿ ಅದು ತಪ್ಪಲ್ಲ. ಫಿಕ್ಸೆಡ್ 512ರಲ್ಲಿ ಮಾತ್ರ ಆ ಕೊನೆಯ ತುಂಡು 512ರ ಗುಣಕ ಆಗಿರದಿದ್ದರೆ ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’ ಎಂದು ಡ್ರೈವರ್ ತಿರಸ್ಕರಿಸುತ್ತದೆ, ಜಿಜಿಪ್ಪಿನ ಬಾಲ ಟೇಪಿಗೆ ಹೋಗುವುದೇ ಇಲ್ಲ.

ನಿಮ್ಮ ಪತ್ರದಲ್ಲಿ ಇಲ್ಲದಿದ್ದರೂ ಒಂದು ಎಚ್ಚರಿಕೆ ಕೊಡಲೇಬೇಕು. ಟೇಪ್ ನಕಲು ಮಾಡುವಾಗ ‘ಕಾನ್ವ್=ಸಿಂಕ್’ ಹಾಕಬೇಡಿ. ಡಿಸ್ಕ್ ನಕಲಿನ ಅಭ್ಯಾಸದಲ್ಲಿ ಹಲವರು ‘ನೊಎರರ್,ಸಿಂಕ್’ ಎಂದು ಜೋಡಿಯಾಗಿ ಟೈಪ್ ಮಾಡುತ್ತಾರೆ. 10,240 ಬೈಟಿನ ಬ್ಲಾಕುಗಳ ಟೇಪನ್ನು ‘ಬಿಎಸ್=1ಎಂ ಕಾನ್ವ್=ಸಿಂಕ್’ ಕೊಟ್ಟು ಓದಿದರೆ ಪ್ರತಿ ಬ್ಲಾಕಿನ ಹಿಂದೆ ಒಂದು ಎಂಬಿ ತುಂಬುವವರೆಗೆ ಸೊನ್ನೆ ಸುರಿಯುತ್ತದೆ. ನಕಲು ನೂರು ಪಟ್ಟು ಉಬ್ಬುತ್ತದೆ, ಟಾರ್ ಅದನ್ನು ಓದಲಾರದು. ಮೂಲ ಟೇಪ್ ಇದ್ದರೆ ಬಚಾವು.

ಇನ್ನೊಂದು ಸಲಹೆ, ನೀವು ಕೇಳದಿದ್ದರೂ: ಟೇಪಿಗೆ ಹೋಗುವ ಬ್ಯಾಕಪ್‌ಗೆ ಜಿಜಿಪ್ ಬಿಟ್ಟುಬಿಡಿ. ಎಲ್‌ಟಿಒ ಡ್ರೈವೇ ಕುಗ್ಗಿಸುತ್ತದೆ. ಜಿಜಿಪ್ ಹರಿವಿನ ನಡುವೆ ಒಂದೆಡೆ ಓದಲಾಗದಿದ್ದರೆ ಅಲ್ಲಿಂದ ಮುಂದಿನದೆಲ್ಲ ಹೋಯಿತು. ಬರಿಯ ಟಾರ್ ಆದರೆ ಕೆಟ್ಟ ಭಾಗ ದಾಟಿ ಮುಂದಿನ ಫೈಲಿನ ಹೆಡರ್ ಹುಡುಕಿಕೊಳ್ಳುತ್ತದೆ.

ಪ್ರಶ್ನೆ: 1.8 ಟಿಬಿ ದತ್ತಾಂಶವನ್ನು ಎಲ್‌ಟಿಒ-6 ಟೇಪಿಗೆ ಬರೆಯಲು ಇಡೀ ರಾತ್ರಿ ಸಾಲುತ್ತಿಲ್ಲ. ಡ್ರೈವ್ ನಿಂತು ಹಿಂದೆ ಹೋಗಿ ಮತ್ತೆ ಮುಂದೆ ಬರುವ ಸದ್ದು ಕೇಳುತ್ತಲೇ ಇರುತ್ತದೆ. ಬ್ಲಾಕ್ ದೊಡ್ಡದು ಮಾಡಿದರೆ ವೇಗ ಹೆಚ್ಚುತ್ತದೆಯೇ?
– ಓದುಗರು, ಹೊಸೂರು

ಉತ್ತರ: ಹೆಚ್ಚುತ್ತದೆ, ಆದರೆ ಬ್ಲಾಕ್ ಒಂದೇ ಕಾರಣವಾಗಿರಲಿಕ್ಕಿಲ್ಲ. ಎಲ್‌ಟಿಒ-6ರ ವೇಗ ಕಂಪ್ರೆಶನ್ ಇಲ್ಲದೆ ಸೆಕೆಂಡಿಗೆ 160 ಎಂಬಿ. ಆ ವೇಗದಲ್ಲಿ 1.8 ಟಿಬಿ ಸುಮಾರು ಮೂರು ಗಂಟೆ ಹತ್ತು ನಿಮಿಷದ ಕೆಲಸ. ಆ ವೇಗಕ್ಕೆ 512 ಬೈಟಿನ ಬ್ಲಾಕಾದರೆ ಸೆಕೆಂಡಿಗೆ 3,12,500 ಬ್ಲಾಕ್ ನಿಭಾಯಿಸಬೇಕು. ಟಾರ್‌ನ 10,240 ಆದರೆ 15,625. 256 ಕೆಬಿ ಆದರೆ ಬರೇ 610. ಪ್ರತಿ ಬ್ಲಾಕಿಗೂ ಡ್ರೈವರ್, ಕಾರ್ಡ್, ಡ್ರೈವ್ ನಡುವೆ ಮಾತುಕತೆ ಆಗಬೇಕಾದ್ದರಿಂದ ಈ ವ್ಯತ್ಯಾಸ ದೊಡ್ಡದು.

ಹಿಂದೆ ಈ ನಷ್ಟ ಕಾಲದ್ದು ಮಾತ್ರವಲ್ಲ, ಜಾಗದ್ದೂ ಆಗಿತ್ತು. ಅರ್ಧ ಇಂಚಿನ 9 ಟ್ರ್ಯಾಕ್ ರೀಲಿನಲ್ಲಿ ಎರಡು ಬ್ಲಾಕುಗಳ ನಡುವೆ ಖಾಲಿ ಟೇಪ್ ಬಿಡಬೇಕಿತ್ತು, 1600 ಬಿಪಿಐ (ಇಂಚಿಗೆ 1600 ಬೈಟ್) ದಟ್ಟಣೆಯಲ್ಲಿ ಸುಮಾರು 0.6 ಇಂಚು. 512 ಬೈಟಿನ ಬ್ಲಾಕ್ ಹಿಡಿಯುವುದು 0.32 ಇಂಚು ಮಾತ್ರ! ಗದ್ದೆಗಿಂತ ಬದುವೇ ಅಗಲ. 2400 ಅಡಿಯ ರೀಲಿನಲ್ಲಿ ಹೀಗೆ ಬರೆದರೆ ಹಿಡಿಸುವುದು ಸುಮಾರು 16 ಎಂಬಿ. 10,240ರ ಬ್ಲಾಕಾದರೆ ಅದೇ ರೀಲಿನಲ್ಲಿ 42 ಎಂಬಿ. ಟಾರ್‌ನ ‘20’ ಆ ರೀಲುಗಳಿಗೆ ಒಪ್ಪುವ ಅಂಕಿ. ಇವತ್ತಿನ ಟೇಪಿಗೆ ಅದು ತೀರ ಚಿಕ್ಕದು.

ಇನ್ನು ನಿಮಗೆ ಕೇಳುತ್ತಿರುವ ಆ ಹಿಂದೆ-ಮುಂದೆ ಸದ್ದು. ಡ್ರೈವ್ ಓಡುವಷ್ಟು ವೇಗದಲ್ಲಿ ದತ್ತಾಂಶ ಬಂದು ತಲುಪದಿದ್ದಾಗ ಟೇಪ್ ನಿಲ್ಲಬೇಕಾಗುತ್ತದೆ, ಓಟದಲ್ಲಿದ್ದ ಟೇಪ್ ಮುಂದೆ ಹೋಗಿಬಿಟ್ಟಿರುತ್ತದೆ, ಹಿಂದೆ ಬಂದು ಮತ್ತೆ ಓಟ ಹಿಡಿಯಬೇಕು. ಇದರಲ್ಲಿ ಸಮಯವೂ ಟೇಪೂ ಸವೆಯುತ್ತವೆ. ಮೊದಲು ಡಿಸ್ಕ್ ಎಷ್ಟು ವೇಗದಲ್ಲಿ ಕೊಡುತ್ತದೆ ಅಳೆಯಿರಿ: ‘ಟಾರ್ -ಸಿಎಫ್ - /ಡೇಟಾ’ವನ್ನು ಪೈಪ್ ಮೂಲಕ ‘ಡಿಡಿ ಒಬಿಎಸ್=256ಕೆ ಒಎಫ್=/ಡೆವ್/ನಲ್’ಗೆ ಕೊಡಿ; ಕೊನೆಗೆ ಡಿಡಿ ವೇಗ ತೋರಿಸುತ್ತದೆ. ಟಾರ್‌ಗೆ ನೇರ ‘-ಎಫ್ /ಡೆವ್/ನಲ್’ ಎಂದು ಕೊಡಬೇಡಿ. ಗ್ನೂ ಟಾರ್ ಅದನ್ನು ಗುರುತಿಸಿ ಫೈಲುಗಳ ಒಳಗನ್ನು ಓದದೇ ಬಿಟ್ಟುಬಿಡುತ್ತದೆ, ಕ್ಷಣದಲ್ಲಿ ಮುಗಿಸಿ ನಿಮ್ಮನ್ನು ದಾರಿ ತಪ್ಪಿಸುತ್ತದೆ.

ವೇಗ 160ಕ್ಕಿಂತ ಬಹಳ ಕೆಳಗಿದ್ದರೆ ನಡುವೆ ಒಂದು ತೊಟ್ಟಿ ಬೇಕು. ‘ಎಂಬಫರ್’ ಅದಕ್ಕೇ ಇರುವ ಸಾಧನ. ‘ಟಾರ್ -ಬಿ 512 -ಸಿಎಫ್ - /ಡೇಟಾ’, ಪೈಪ್, ‘ಎಂಬಫರ್ -ಎಸ್ 256ಕೆ -ಎಂ 4ಜಿ -ಪಿ 80 -ಒ /ಡೆವ್/ಎನ್‌ಎಸ್‌ಟಿ0’ (ಇದರಲ್ಲಿ -ಪಿ ಮತ್ತು 4ಜಿಯ ‘ಜಿ’ ದೊಡ್ಡಕ್ಷರ). 4 ಜಿಬಿ ತೊಟ್ಟಿ ಶೇಕಡಾ 80 ತುಂಬಿದ ಮೇಲೆಯೇ ಟೇಪಿಗೆ ಬಿಡುತ್ತದೆ. ಡಿಸ್ಕ್ ನಿಧಾನವಿದ್ದರೆ ಒಟ್ಟು ಸಮಯ ಇದರಿಂದ ಇಳಿಯದು, ಆದರೆ ಟೇಪ್ ನೂರು ಸಲ ತಡವರಿಸುವ ಬದಲು ಕೆಲವೇ ಸಲ ನಿಲ್ಲುತ್ತದೆ.

ಬ್ಲಾಕ್ ದೊಡ್ಡದಾದಷ್ಟೂ ಒಳ್ಳೆಯದು ಎಂದು 4 ಎಂಬಿಗೆ ಹೋಗಬೇಡಿ. ನಾಳೆ ಓದಬೇಕಾದ ಯಂತ್ರದ ಕಾರ್ಡ್ ಅಷ್ಟನ್ನು ಒಂದೇ ಸಲ ಸಾಗಿಸಲಾರದೆ ಹೋಗಬಹುದು. ಎಲ್‌ಟಿಒಗೆ 256 ಕೆಬಿ ಹದವಾದ ಅಳತೆ. ಯಾವ ಯಂತ್ರಕ್ಕೆ ಹೋಗುತ್ತದೋ ಗೊತ್ತಿಲ್ಲದ ಟೇಪಿಗೆ 64 ಕೆಬಿ. ಬದಲಿಸಿದ ದಿನವೇ ಓದುವ ಸ್ಕ್ರಿಪ್ಟಿನಲ್ಲೂ -ಬಿ ಬದಲಿಸಿ. ಬರೆಯುವುದನ್ನು ಮಾತ್ರ ಬದಲಿಸಿ ಓದುವುದನ್ನು ಮರೆತರೆ ಮೇಲಿನ ಬದಿಯಡ್ಕದ ಪತ್ರ ನಿಮ್ಮದೂ ಆಗುತ್ತದೆ.

ಪ್ರಶ್ನೆ: ನಮ್ಮ ಮುದ್ರಣಾಲಯದ ಇಪ್ಪತ್ತೈದು ವರ್ಷ ಹಿಂದಿನ ಕನ್ನಡ ಪುಸ್ತಕಗಳ ಫೈಲುಗಳು ಕ್ಯೂಐಸಿ-150 (ಕಾಲಿಂಚಿನ ಟೇಪಿನ ಹಳೆಯ ಬಗೆ) ಕಾರ್ಟ್ರಿಡ್ಜುಗಳಲ್ಲಿವೆ. ಆಗ ಎಸ್‌ಸಿಒ ಯೂನಿಕ್ಸ್ ಇತ್ತು. ಡ್ರೈವ್ ಮತ್ತು ಅದನ್ನು ಯಂತ್ರಕ್ಕೆ ಜೋಡಿಸುವ ಸ್ಕಸಿ ಕಾರ್ಡ್ ಹೇಗೋ ಸಿಕ್ಕಿದೆ. ‘ಸೆಟ್‌ಬಿಎಲ್‌ಕೆ 0’ ಕೊಟ್ಟರೆ ಡ್ರೈವ್ ಒಪ್ಪುತ್ತಿಲ್ಲ.
– ಓದುಗರು, ಕಾಸರಗೋಡು

ಉತ್ತರ: ಒಪ್ಪದಿರುವುದೇ ಸರಿ. ಕ್ಯೂಐಸಿ-150ರಲ್ಲಿ ಬ್ಲಾಕ್ ಎಂದರೆ 512 ಬೈಟ್, ಬೇರೆ ಅಳತೆ ಇಲ್ಲ. ‘ಸೆಟ್‌ಬಿಎಲ್‌ಕೆ 512’ ಕೊಡಿ.

ಆದರೆ ಟೇಪ್ ಹಾಕುವ ಮೊದಲು ಡ್ರೈವಿನ ಮುಚ್ಚಳ ತೆಗೆದು ಟೇಪನ್ನು ಓಡಿಸುವ ರಬ್ಬರ್ ರೋಲರನ್ನು ಹತ್ತಿಯ ಕಡ್ಡಿಯಿಂದ ಮುಟ್ಟಿ ನೋಡಿ. ವಯಸ್ಸಾದ ರಬ್ಬರ್ ಹಲಸಿನ ಮೇಣದಂತೆ ಅಂಟಂಟಾಗುತ್ತದೆ. ಹತ್ತಿ ಅಂಟಿಕೊಂಡರೆ ಕಾರ್ಟ್ರಿಡ್ಜ್ ಹಾಕಲೇಬೇಡಿ, ರೋಲರ್ ಬದಲಿಸಿ. ಎರಡನೆಯ ದುರ್ಬಲ ಜಾಗ ಕಾರ್ಟ್ರಿಡ್ಜಿನ ಒಳಗಿರುವ ತೆಳು ಬೆಲ್ಟ್. ಅದು ಸಡಿಲಾದರೆ ಟೇಪ್ ಸುರುಳಿ ತಪ್ಪುತ್ತದೆ, ಓಡುವಾಗ ತುಂಡಾಗುವುದೂ ಉಂಟು. ಆದ್ದರಿಂದ ಮೊದಲು ಅಷ್ಟೇನೂ ಬೇಡದ ಒಂದು ಕಾರ್ಟ್ರಿಡ್ಜಿನಲ್ಲಿ ಪ್ರಯೋಗ ಮಾಡಿ. ಬೆಲ್ಟ್ ಗಟ್ಟಿಯಿದ್ದರೆ ‘ಎಂಟಿ ರಿಟೆನ್ಷನ್’ ಕೊಟ್ಟು ಟೇಪನ್ನು ಒಮ್ಮೆ ಕೊನೆಯವರೆಗೆ ಸುತ್ತಿಸಿ ಬಿಗಿ ಸಮ ಮಾಡಿ. ನಮ್ಮ ಕರಾವಳಿಯ ಆಟಿ ತಿಂಗಳ ತೇವದಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ಎಸಿ ಕೋಣೆಯಲ್ಲಿ ಟೇಪ್ ಒಂದು ದಿನ ಇದ್ದು ಹದಕ್ಕೆ ಬರಲಿ, ಆಮೇಲೆ ಡ್ರೈವಿಗೆ.

ಇಷ್ಟು ಹಳೆಯ ಟೇಪನ್ನು ಎಷ್ಟು ಕಡಿಮೆ ಸಲ ಓಡಿಸುತ್ತೀರೋ ಅಷ್ಟು ಒಳ್ಳೆಯದು. ಟಾರೋ ಸಿಪಿಐಒವೋ ಎಂದು ಟೇಪಿನ ಮೇಲೆಯೇ ಪರೀಕ್ಷೆ ಮಾಡುತ್ತಾ ಕೂರಬೇಡಿ. ‘ಡಿಡಿ ಐಎಫ್=/ಡೆವ್/ಎನ್‌ಎಸ್‌ಟಿ0 ಒಎಫ್=ಪಟ್ಟಿ1 ಬಿಎಸ್=10ಕೆ’ ಕೊಟ್ಟು ಪೂರ್ತಿ ಡಿಸ್ಕಿಗೆ ಇಳಿಸಿ. ಫಿಕ್ಸೆಡ್ ಮೋಡಿನಲ್ಲಿ ‘ಬಿಎಸ್’ 512ರ ಗುಣಕವಾಗಿರಬೇಕು ಅಷ್ಟೆ. ಡಿಡಿ ಫೈಲ್ ಮಾರ್ಕ್ ದಾಟಿ ನಿಲ್ಲುತ್ತದೆ. ರಿವೈಂಡ್ ಮಾಡದೆ ಅದೇ ಕಮಾಂಡನ್ನು ಪಟ್ಟಿ2, ಪಟ್ಟಿ3 ಎಂದು ಮುಂದುವರಿಸಿ. ಸೊನ್ನೆ ಬೈಟ್ ಬಂದರೆ ಅಥವಾ ಖಾಲಿ ಟೇಪಿನ ದೋಷ ಬಂದರೆ ಬರೆದದ್ದು ಅಲ್ಲಿಗೆ ಮುಗಿಯಿತು. ಡಿಸ್ಕಿಗೆ ಬಂದ ಮೇಲೆ ಬ್ಲಾಕ್ ಎಂಬ ಗೋಡೆಯೇ ಇರುವುದಿಲ್ಲ. ಎಸ್‌ಸಿಒದವರು ಯಾವ ಬ್ಲಾಕಿಂಗ್ ಅಂಕಿ ಹಾಕಿದ್ದರು ಎಂಬ ಚಿಂತೆಯೂ ಬೇಡ.

ಈಗ ‘ಫೈಲ್ ಪಟ್ಟಿ1’ ಎಂದು ಕೇಳಿ, ಹೆಚ್ಚಿನ ಸಲ ಅದೇ ಹೇಳುತ್ತದೆ. ಮೊದಲ ಆರು ಅಕ್ಷರ 070707 ಇದ್ದರೆ ಸಿಪಿಐಒ; ಸೊನ್ನೆಯಿಂದ ಎಣಿಸಿ 257ನೇ ಬೈಟಿನಲ್ಲಿ ‘ಯುಸ್ಟಾರ್’ ಎಂದಿದ್ದರೆ ಟಾರ್. ಎರಡೂ ಕಾಣದೆ, ಹೆಸರುಗಳಲ್ಲಿ ಜೋಡಿ ಅಕ್ಷರ ಅದಲುಬದಲಾಗಿ ಕಂಡರೆ – ‘ಕಮಲ’ ಎಂಬ ಮೂರರಲ್ಲಿ ಮೊದಲೆರಡು ತಿರುಗಿ ‘ಮಕಲ’ ಆದ ಹಾಗೆ – ಬರೆದ ಯಂತ್ರ ಬೈಟುಗಳನ್ನು ಜೋಡಿಜೋಡಿಯಾಗಿ ತಿರುಗಿಸಿದೆ ಎಂದರ್ಥ. ‘ಡಿಡಿ ಐಎಫ್=ಪಟ್ಟಿ1 ಒಎಫ್=ಸರಿ1 ಕಾನ್ವ್=ಸ್ವಾಬ್’ ಅದನ್ನು ನೇರ ಮಾಡುತ್ತದೆ.

ಫೈಲುಗಳೆಲ್ಲ ಬಂದ ಮೇಲೆ ತೆರೆದರೆ ಕನ್ನಡದ ಬದಲು ವಿಚಿತ್ರ ಚಿಹ್ನೆಗಳು ಕಾಣಬಹುದು. ಗಾಬರಿಯಾಗಿ ಟೇಪನ್ನು ಇನ್ನೊಮ್ಮೆ ಓಡಿಸಬೇಡಿ, ಅದು ಟೇಪಿನ ದೋಷವಲ್ಲ. ಯೂನಿಕೋಡಿಗೆ ಮುಂಚಿನ ಡಿಟಿಪಿ ಕಡತಗಳಲ್ಲಿ ಅಕ್ಷರ ಸಂಕೇತ ಫಾಂಟಿನೊಂದಿಗೆ ಅಂಟಿಕೊಂಡಿತ್ತು. ಯಾವ ಫಾಂಟ್ ಎಂದು ಗೊತ್ತಾದರೆ ಪರಿವರ್ತಕದಿಂದ ಯೂನಿಕೋಡಿಗೆ ತರಬಹುದು. ಫಾಂಟ್ ಫೈಲುಗಳೂ ಅದೇ ಟೇಪಿನಲ್ಲಿರಬಹುದು, ಮೊದಲು ಅವನ್ನು ಹುಡುಕಿ.

ಪ್ರಶ್ನೆ: ಸೋಮವಾರದ ಬ್ಯಾಕಪ್ ಮುಗಿದ ಮೇಲೆ ಅದೇ ಟೇಪಿಗೆ ಮಂಗಳವಾರದ್ದನ್ನು ಬರೆದೆವು. ಈಗ ಮಂಗಳವಾರದ್ದು ಮಾತ್ರ ಇದೆ.
– ಓದುಗರು, ತಾಳವಾಡಿ

ಉತ್ತರ: ‘/ಡೆವ್/ಎಸ್‌ಟಿ0’ ಬಳಸಿದ್ದೀರಿ. ಆ ಹೆಸರಿನಲ್ಲಿ ತೆರೆದರೆ ಕೆಲಸ ಮುಗಿದೊಡನೆ ಟೇಪ್ ತಾನೇ ರಿವೈಂಡ್ ಆಗುತ್ತದೆ, ಮುಂದಿನದು ಮೊದಲಿನದರ ಮೇಲೆಯೇ ಬೀಳುತ್ತದೆ. ಹೊಸ ಬರಹ ನಿಂತಲ್ಲಿ ‘ದತ್ತಾಂಶ ಮುಗಿಯಿತು’ ಎಂಬ ಗುರುತು ಬಿದ್ದಿರುವುದರಿಂದ ಅದರಾಚೆ ಸೋಮವಾರದ್ದು ಉಳಿದಿದ್ದರೂ ಸಾಮಾನ್ಯ ಕಮಾಂಡ್ ಅಲ್ಲಿಗೆ ತಲುಪದು. ಮುಂದೆ ‘ಎನ್‌ಎಸ್‌ಟಿ0’ ಬಳಸಿ, ಬರೆಯುವ ಮೊದಲು ‘ಎಂಟಿ -ಎಫ್ /ಡೆವ್/ಎನ್‌ಎಸ್‌ಟಿ0 ಇಒಡಿ’ ಕೊಟ್ಟು ಕೊನೆಗೆ ಹೋಗಿ. ಓದುವಾಗ ಒಂದು ಸೂಕ್ಷ್ಮ: ಟಾರ್ ತನ್ನ ಮುಕ್ತಾಯದ ಗುರುತು ಕಂಡೊಡನೆ ಫೈಲ್ ಮಾರ್ಕಿನ ಈಚೆಯೇ ನಿಲ್ಲಬಹುದು. ಎರಡನೇ ಬ್ಯಾಕಪ್ ಓದಲು ಹೋದಾಗ ಏನೂ ಸಿಗದಿದ್ದರೆ ‘ಎಂಟಿ -ಎಫ್ /ಡೆವ್/ಎನ್‌ಎಸ್‌ಟಿ0 ಎಫ್‌ಎಸ್‌ಎಫ್ 1’ ಕೊಟ್ಟು ಮಾರ್ಕ್ ದಾಟಿ.

ಪ್ರಶ್ನೆ: ಎಐಎಕ್ಸ್ ಯಂತ್ರದ ‘ಎಂಕೆಸಿಸ್‌ಬಿ’ (ಆಪರೇಟಿಂಗ್ ಸಿಸ್ಟಂ ಸಮೇತ ಬ್ಯಾಕಪ್) ಟೇಪಿನಿಂದ ಒಂದೇ ಒಂದು ಫೈಲ್ ಬೇಕು. ಬ್ಲಾಕ್ 512 ಇಟ್ಟರೂ 1024 ಇಟ್ಟರೂ ಅರ್ಧ ದಾರಿಯಲ್ಲಿ ದೋಷ ಬರುತ್ತದೆ.
– ಓದುಗರು, ಕೃಷ್ಣಗಿರಿ

ಉತ್ತರ: ಆ ಟೇಪಿನಲ್ಲಿ ಎರಡು ಅಳತೆಗಳೂ ಇವೆ. ‘ಎಂಕೆಸಿಸ್‌ಬಿ’ ಟೇಪಿಗೆ ನಾಲ್ಕು ಭಾಗ. ಯಂತ್ರವನ್ನು ಬೂಟ್ ಮಾಡಲು ಬೇಕಾದ ಮೊದಲ ಮೂರು ಯಾವಾಗಲೂ 512ರಲ್ಲಿ, ನಿಮ್ಮ ಫೈಲುಗಳಿರುವ ನಾಲ್ಕನೆಯದು ಬರೆಯುವ ದಿನ ಡ್ರೈವಿನಲ್ಲಿದ್ದ ಅಳತೆಯಲ್ಲಿ. ಆ ಅಳತೆ ಎಷ್ಟೆಂದು ಟೇಪಿನ ಎರಡನೇ ಭಾಗದಲ್ಲೇ ಬರೆದಿಟ್ಟಿರುತ್ತದೆ.

/ಟಿಎಂಪಿಗೆ ಹೋಗಿ. ‘ಟಿಸಿಟಿಎಲ್ -ಎಫ್ /ಡೆವ್/ಆರ್‌ಎಂಟಿ0 ರಿವೈಂಡ್’. ‘ಸಿಎಚ್‌ಡೆವ್ -ಎಲ್ ಆರ್‌ಎಂಟಿ0 -ಎ ಬ್ಲಾಕ್_ಸೈಜ್=512’. ಬಳಿಕ ‘ರಿಸ್ಟೋರ್ -ಎಸ್2 -ಎಕ್ಸ್‌ಕ್ಯೂವಿಎಫ್ /ಡೆವ್/ಆರ್‌ಎಂಟಿ0.1 ./ಟೇಪ್‌ಬಿಎಲ್‌ಕೆಎಸ್‌ಜಡ್’. ಹೊರಬಂದ ಪುಟ್ಟ ಫೈಲನ್ನು ‘ಕ್ಯಾಟ್’ ಮಾಡಿದರೆ ‘1024 ನನ್’ ಎಂಬಂತೆ ಒಂದು ಸಾಲು. ಆ ಅಂಕಿಯನ್ನು ‘ಸಿಎಚ್‌ಡೆವ್’ಗೆ ಕೊಟ್ಟು, ಟೇಪ್ ರಿವೈಂಡ್ ಮಾಡಿ, ‘ರಿಸ್ಟೋರ್ -ಎಸ್4 -ಎಕ್ಸ್‌ಕ್ಯೂವಿಎಫ್ /ಡೆವ್/ಆರ್‌ಎಂಟಿ0.1’ ಮತ್ತು ನಿಮ್ಮ ಫೈಲಿನ ಹೆಸರು. ಆರ್‌ಎಂಟಿ0ರ ಮುಂದಿನ ‘.1’ ಬಿಟ್ಟರೆ ಟೇಪ್ ತಾನೇ ರಿವೈಂಡ್ ಆಗಿ ಭಾಗಗಳ ಎಣಿಕೆ ತಪ್ಪುತ್ತದೆ. ಫೈಲಿನ ಹೆಸರು ‘./’ನಿಂದಲೇ ಶುರುವಾಗಬೇಕು: /ಇಟಿಸಿ/ಹೋಸ್ಟ್ಸ್ ಬೇಕಿದ್ದರೆ ‘./ಇಟಿಸಿ/ಹೋಸ್ಟ್ಸ್’. ಅದು ನೀವಿರುವ ಜಾಗದ ಕೆಳಗೆ, ಅಂದರೆ /ಟಿಎಂಪಿ/ಇಟಿಸಿ ಒಳಗೆ ಇಳಿಯುತ್ತದೆ. ರೂಟಿನಲ್ಲಿ ನಿಂತು ಇದನ್ನೇ ಕೊಟ್ಟರೆ ಈಗ ನಡೆಯುತ್ತಿರುವ ಯಂತ್ರದ ಫೈಲಿನ ಮೇಲೆಯೇ ಹಳೆಯದು ಬೀಳುತ್ತದೆ.